ಗಮನಗುರುಡು: ಕಣ್ಣು ರಸ್ತೆ ಮೇಲಿದ್ದರೂ ಕಾಣದಿರುವುದು

ಗಾಡಿ ಗುದ್ದಿದ ಜಾಗದಲ್ಲಿ ಜನ ಸೇರಿದಾಗ ಒಂದು ಮಾತು ಕೇಳೇ ಕೇಳುತ್ತದೆ. "ನಾನು ನೋಡ್ಲೇ ಇಲ್ಲ ಸಾರ್." ಯಾರೂ ನಂಬುವುದಿಲ್ಲ. ಹಾಡಹಗಲು, ನೆಟ್ಟಗಿನ ರಸ್ತೆ, ಎದುರಿಗೇ ಬಂದ ಬೈಕು, ಅದು ಹೇಗೆ ಕಾಣಲಿಲ್ಲ ಅಂತ ಜಗಳ ಶುರುವಾಗುತ್ತದೆ. ಆದರೆ ಎಷ್ಟೋ ಸಲ ಆ ಮನುಷ್ಯ ಹೇಳುವುದು ನಿಜ. ಕಣ್ಣು ಆ ಕಡೆಗೇ ಇತ್ತು, ಬೈಕು ಮಾತ್ರ ಕಾಣಲಿಲ್ಲ.

ಇದಕ್ಕೆ ಮನಶ್ಶಾಸ್ತ್ರದವರು ಇಟ್ಟ ಹೆಸರು ಇನ್‌ಅಟೆನ್ಷನಲ್ ಬ್ಲೈಂಡ್‌ನೆಸ್. ಅಮೆರಿಕದ ಏರಿಯನ್ ಮ್ಯಾಕ್ ಮತ್ತು ಅರ್ವಿನ್ ರಾಕ್ 1990ರ ದಶಕದಲ್ಲಿ ಬಳಕೆಗೆ ತಂದದ್ದು. ನಮ್ಮಲ್ಲಿ ಇರುಳುಗುರುಡು, ಬಣ್ಣಗುರುಡು ಅಂತ ಇದೆಯಲ್ಲ, ಅದೇ ಜಾಡಿನಲ್ಲಿ ನಾನು ಗಮನಗುರುಡು ಅನ್ನುತ್ತೇನೆ. ಇರುಳುಗುರುಡಿನಲ್ಲಿ ತೊಂದರೆ ಕಣ್ಣಿನದು. ಇಲ್ಲಿ ಕಣ್ಣಿಗೆ ಏನೂ ಆಗಿಲ್ಲ, ಮನಸ್ಸು ಬೇರೆಲ್ಲೋ ಇದೆ ಅಷ್ಟೇ.

ಮನಶ್ಶಾಸ್ತ್ರಜ್ಞರಾದ ಸೈಮನ್ಸ್ ಮತ್ತು ಚಾಬ್ರಿ 1999ರಲ್ಲಿ ಪ್ರಕಟಿಸಿದ ಗೊರಿಲ್ಲಾ ಪ್ರಯೋಗದ ಬಗ್ಗೆ ನೀವೂ ಕೇಳಿರಬಹುದು. ಆಟಗಾರರು ಚೆಂಡನ್ನು ಎಷ್ಟು ಸಲ ಕೈ ಬದಲಿಸಿದರು ಅಂತ ಎಣಿಸುತ್ತಾ ಕೂತವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನಡುವೆ ಬಂದು ಎದೆ ಬಡಿದುಕೊಂಡು ಹೋದ ಗೊರಿಲ್ಲಾ ವೇಷವೇ ಕಾಣಲಿಲ್ಲ. ಅದು ಕೋಣೆಯೊಳಗಿನ ಮಾತು. ರಸ್ತೆಯಲ್ಲಿ?

ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಅದನ್ನೇ ನೋಡಹೊರಟಿತು. ನಿಜವಾದ ರಸ್ತೆಯಲ್ಲಲ್ಲ, ಸಿಮ್ಯುಲೇಟರ್‌ನಲ್ಲಿ, ಅಂದರೆ ಪರದೆ ಮೇಲಿನ ರಸ್ತೆ ನೋಡಿ ಗಾಡಿ ಓಡಿಸುವ ಯಂತ್ರದಲ್ಲಿ. ದಾರಿಯುದ್ದಕ್ಕೂ ಜಾಹೀರಾತು ಫಲಕಗಳು, ಓಡಿಸುವವರ ಕಣ್ಣು ಎಲ್ಲೆಲ್ಲಿ ನೆಟ್ಟಿತು ಅಂತ ಅಳೆಯುವ ಸಾಧನ. ಆಮೇಲೆ ಯಾವ ಫಲಕ ನೋಡಿದಿರಿ ಅಂತ ಕೇಳಿದರು. ಫೋನಿನಲ್ಲಿ ಮಾತಾಡುತ್ತಾ ಓಡಿಸಿದವರು, ತಾವು ಕಣ್ಣಿಟ್ಟು ನೋಡಿದ್ದ ಫಲಕಗಳನ್ನೇ ಗುರುತಿಸುವುದರಲ್ಲಿ ತುಂಬಾ ಹಿಂದೆ ಬಿದ್ದರು. ಅದೂ ಹ್ಯಾಂಡ್ಸ್‌ಫ್ರೀಯಲ್ಲಿ, ಫೋನು ಕೈಯಲ್ಲಿ ಹಿಡಿಯದೆ! 2003ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ನನಗೆ ನನ್ನದೇ ಒಂದು ಸಂಜೆ ನೆನಪಾಯಿತು. ಬ್ಲೂಟೂತ್‌ನಲ್ಲಿ ಅಮ್ಮನ ಜೊತೆ ಮಾತು. ಅತ್ತೆಯ ಮಂಡಿನೋವು, ಡಾಕ್ಟರು ಏನಂದರು, ಯಾವ ಮಾತ್ರೆ ಕೊಟ್ಟರು. ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಹೊಳೆಯಿತು, ಸರ್ಕಲ್ ದಾಟುವಾಗ ಸಿಗ್ನಲ್ ಹಸಿರಿತ್ತೋ ಕೆಂಪಿತ್ತೋ ನನಗೆ ಗೊತ್ತೇ ಇಲ್ಲ. ಕೈ ಎರಡೂ ಸ್ಟೀರಿಂಗ್ ಮೇಲೇ ಇದ್ದವು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಹ್ಯಾಂಡ್ಸ್‌ಫ್ರೀ ಇದ್ದರೆ ಸೇಫು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ ಬೇರೂರಿದೆ. ಹೆಲ್ಮೆಟ್ ಮತ್ತು ಕೆನ್ನೆಯ ನಡುವೆ ಫೋನ್ ಸಿಗಿಸಿಕೊಂಡು ಬೈಕ್ ಓಡಿಸುವವರನ್ನು ದಿನಾ ನೋಡುತ್ತೇವೆ, ಅವರ ಲೆಕ್ಕದಲ್ಲಿ ಅದೂ ಹ್ಯಾಂಡ್ಸ್‌ಫ್ರೀಯೇ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕರಾದ ರೆಡೆಲ್‌ಮೈಯರ್ ಮತ್ತು ಟಿಬ್‌ಶಿರಾನಿ ಅಪಘಾತವಾದ 699 ಚಾಲಕರ ಫೋನ್ ಬಿಲ್ ತೆಗೆದು, ಗುದ್ದಿದ ಸಮಯದ ಜೊತೆ ತಾಳೆ ಹಾಕಿದರು. 1997ರ ಆ ಅಧ್ಯಯನದ ಪ್ರಕಾರ ಫೋನ್ ಬಳಸುವಾಗ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು ಜಾಸ್ತಿ. ಹ್ಯಾಂಡ್ಸ್‌ಫ್ರೀ ಫೋನಿನಿಂದ ಏನೂ ಲಾಭ ಕಾಣಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಅಪಘಾತವಾಗಿ ಆಸ್ಪತ್ರೆಗೆ ಬಂದ ಚಾಲಕರ ಮೇಲೆ ನಡೆದ ಅಧ್ಯಯನವೂ ಹೆಚ್ಚು ಕಡಿಮೆ ಇದನ್ನೇ ಹೇಳಿತು.

ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದಾಗ, ಓಡಿಸುತ್ತಾ ಕೈಯಲ್ಲಿ ಹಿಡಿದ ಫೋನ್ ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದರು. ಒಳ್ಳೇದೇ ಆಯಿತು. ಆದರೆ ಪೊಲೀಸರಿಗೆ ಕಾಣುವುದು ಕೈ ಮಾತ್ರ, ಅಲ್ವಾ?

ಹಾಗಾದರೆ ಪಕ್ಕದಲ್ಲಿ ಕೂತವರ ಜೊತೆಗೂ ಮಾತಾಡಬಾರದಾ ಅಂತ ಕೇಳುತ್ತೀರಿ. ಸ್ಟ್ರೇಯರ್ ತಂಡ ಇದನ್ನೂ ನೋಡಿತು, 2008ರಲ್ಲಿ. ಸಿಮ್ಯುಲೇಟರ್‌ನ ಹೆದ್ದಾರಿಯಲ್ಲಿ ಹೋಗಿ, ಹೇಳಿದ ಜಾಗದಲ್ಲಿ ಗಾಡಿಯನ್ನು ಹೆದ್ದಾರಿಯಿಂದ ಪಕ್ಕಕ್ಕೆ ಇಳಿಸಬೇಕು, ಕೆಲಸ ಅಷ್ಟೇ. ಸ್ನೇಹಿತರು ಪಕ್ಕದಲ್ಲಿದ್ದ ಬಹುತೇಕರು ಸರಿಯಾಗಿ ಇಳಿದರು. ಸ್ನೇಹಿತರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವರಲ್ಲಿ ಸುಮಾರು ಅರ್ಧ ಜನ ಇಳಿಯುವ ಜಾಗ ದಾಟಿ ಮುಂದೆ ಹೋಗಿಬಿಟ್ಟರು. ಕಾರಣ ಸರಳ. ಪಕ್ಕದಲ್ಲಿರುವವರಿಗೂ ರಸ್ತೆ ಕಾಣುತ್ತದೆ. ಟ್ರಾಫಿಕ್ ಬಿಗಿಯಾದರೆ ಮಾತು ತಾನಾಗೇ ಕಮ್ಮಿಯಾಗುತ್ತದೆ, ಬೇಕಾದಾಗ ದಾರಿಯ ಕಡೆಗೇ ತಿರುಗುತ್ತದೆ. ಫೋನಿನ ಆ ತುದಿಯಲ್ಲಿರುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅವತ್ತು ಅಮ್ಮ ನನ್ನ ಪಕ್ಕದ ಸೀಟಿನಲ್ಲಿ ಇದ್ದಿದ್ದರೆ, ಅತ್ತೆಯ ಮಂಡಿನೋವನ್ನು ಅಲ್ಲೇ ಬಿಟ್ಟು, "ಏ ನಿಧಾನ, ಸಿಗ್ನಲ್ ಬಿತ್ತು" ಅನ್ನುತ್ತಿದ್ದಳು.