ತುಟಿ ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ ಅಂತ ಬಂದ್ರೆ ಅದು ಟಿಬಿನೇನಾ?

ಪ್ರಶ್ನೆ: ನನ್ನ ಕೆಳತುಟಿ ಊದ್ಕೊಳ್ಳೋಕೆ ಶುರುವಾಗಿ ತಿಂಗಳುಗಳೇ ಆದ್ವು. ಮೊದಮೊದಲು ತಾನಾಗೇ ಇಳೀತಿತ್ತು, ಈಗ ಇಳಿಯೋದೇ ಇಲ್ಲ, ಮುಟ್ಟಿದ್ರೆ ರಬ್ಬರ್ ಥರ ಗಟ್ಟಿ. ಅಲರ್ಜಿ ಮಾತ್ರೆ ನುಂಗಿ ನುಂಗಿ ಸಾಕಾಯ್ತು. ಬಯಾಪ್ಸಿ ಮಾಡ್ಸಿದ್ರೆ 'ನಾನ್ ಕೇಸಿಯೇಟಿಂಗ್ ಗ್ರ್ಯಾನುಲೋಮಾ' ಅಂತ ಬಂದಿದೆ. ಇದು ಟಿಬಿನಾ? ಔಷಧಿ ಶುರು ಮಾಡಬಹುದಾ?

ಉತ್ತರ: ಆ ರಿಪೋರ್ಟ್ ಒಂದನ್ನೇ ಇಟ್ಕೊಂಡು ಟಿಬಿ ಅಂತಾನೂ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ. ಗ್ರ್ಯಾನುಲೋಮಾ ಅಂದ್ರೆ ಕಾಯಿಲೆ ಅಲ್ಲ, ದೇಹಕ್ಕೆ ಸುಲಭವಾಗಿ ಹೊರಗೆ ಹಾಕೋಕಾಗದ ಏನನ್ನೋ ರಕ್ಷಣಾ ಕಣಗಳು ಗುಂಪಾಗಿ ಸುತ್ತುವರಿದಾಗ ಆಗೋ ಗಂಟು ಅಷ್ಟೇ. ಟಿಬಿಯಲ್ಲಿ ಆಗುತ್ತೆ, ಕುಷ್ಠದಲ್ಲಿ ಆಗುತ್ತೆ, ಕೆಲವು ಫಂಗಸ್‌ಗೆ ಆಗುತ್ತೆ, ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮತ್ತಿತರ ಕಡೆ ಇಂಥ ಗಂಟು ಮೂಡೋ ಕಾಯಿಲೆ), ಕರುಳಿನ ಕ್ರೋನ್ಸ್ ಕಾಯಿಲೆ (ಬಹುಕಾಲ ಕಾಡೋ ಉರಿಯೂತ), ಅಷ್ಟೇ ಯಾಕೆ, ತುಟಿ ದಪ್ಪ ಕಾಣ್ಲಿ ಅಂತ ಹಾಕಿಸ್ಕೊಂಡ ಫಿಲ್ಲರ್‌ಗೂ ಆಗುತ್ತೆ. ಗಂಟಿನ ನಡುವೆ ಜೀವಕೋಶ ಸತ್ತು ಗಿಣ್ಣಿನ ಥರ ಆಗಿಲ್ಲ ಅನ್ನೋದಷ್ಟೇ 'ನಾನ್ ಕೇಸಿಯೇಟಿಂಗ್' ಅನ್ನೋದರ ಅರ್ಥ. ಟಿಬಿಯಲ್ಲಿ ಸಾಮಾನ್ಯವಾಗಿ ಹಾಗೆ ಆಗಿರುತ್ತೆ, ಆದ್ರೆ ಯಾವಾಗ್ಲೂ ಅಲ್ಲ, ಅದಕ್ಕೇ ಅದೊಂದನ್ನ ನೋಡಿ ಟಿಬಿ ಇಲ್ಲ ಅಂತ ಬಿಡೋ ಹಾಗಿಲ್ಲ. ಅದೇ ತುಂಡಿನ ಮೇಲೆ ಟಿಬಿ ಮತ್ತು ಫಂಗಸ್‌ಗೆ ವಿಶೇಷ ಸ್ಟೇನ್ (ರೋಗಾಣು ಎದ್ದು ಕಾಣೋಕೆ ಹಾಕೋ ಬಣ್ಣ) ಹಾಕಿದ್ರಾ, ಹೊರಗಿನ ವಸ್ತು ಏನಾದ್ರೂ ಇದೆಯಾ ಅಂತ ಪೋಲರೈಸ್ಡ್ ಬೆಳಕಲ್ಲಿ ನೋಡಿದ್ರಾ ಅಂತ ಕೇಳಿ. ಮಾಡಿಲ್ಲ ಅಂದ್ರೆ ಸಾಮಾನ್ಯವಾಗಿ ಮೊದಲಿನ ಬ್ಲಾಕ್‌ನಲ್ಲೇ (ಲ್ಯಾಬ್‌ನಲ್ಲಿ ಮೇಣದಲ್ಲಿ ಕೂರಿಸಿ ಇಟ್ಟಿರೋ ಅದೇ ತುಂಡಲ್ಲೇ) ಮಾಡಬಹುದು, ಮತ್ತೆ ತುಟಿ ಕೊಯ್ಯಬೇಕಿಲ್ಲ.

ಇವೆಲ್ಲಾ ಅಲ್ಲ ಅಂತಾದ್ಮೇಲೆ ಉಳಿಯೋದು ಓರೋಫೇಶಿಯಲ್ ಗ್ರ್ಯಾನುಲೋಮಟೋಸಿಸ್, ಅಂದ್ರೆ ತುಟಿ, ಬಾಯಿ, ಮುಖದಲ್ಲಿ ಇಂಥ ಗಂಟುಗಳಾಗಿ ಊತ ಬರೋ ಕಾಯಿಲೆ. ಈ ಹೆಸರು ಬಂದಿದ್ದು 1985ರಲ್ಲಿ, ಆದ್ರೆ ಕಾಯಿಲೆ ಹಳೇದು. 1928ರಲ್ಲಿ ಮೆಲ್ಕರ್ಸನ್ ಅನ್ನೋ ವೈದ್ಯರು ಮುಖ ಊತ ಮತ್ತು ಮುಖದ ನರ ಸೋಲೋದು ಜೊತೆಗೇ ಬರೋದನ್ನ ಬರೆದ್ರು, 1931ರಲ್ಲಿ ರೋಸೆಂಥಾಲ್ ಅದಕ್ಕೆ ನಾಲಿಗೆ ಮೇಲಿನ ಬಿರುಕನ್ನೂ ಸೇರಿಸಿದ್ರು. ಪುಸ್ತಕದಲ್ಲಿ ಮೂರೂ ಒಟ್ಟಿಗೆ ಇರುತ್ತೆ, ನಿಜವಾಗ್ಲೂ ಮೂರೂ ಇರೋರು ಕಮ್ಮಿ, ಬಹಳ ಜನರಿಗೆ ಬರೀ ತುಟಿ ಊತ. ಇದು ಅಂಟುರೋಗ ಅಲ್ಲ, ಕ್ಯಾನ್ಸರ್ರೂ ಅಲ್ಲ.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಅಲರ್ಜಿಯ ಊತ ಸಾಮಾನ್ಯವಾಗಿ ಒಂದೆರಡು ದಿನ, ಹೆಚ್ಚಂದ್ರೆ ಮೂರು ದಿನದಲ್ಲಿ ಪೂರ್ತಿ ಇಳಿಯುತ್ತೆ. ಇದು ಹಾಗಲ್ಲ, ಬಂದು ಹೋಗಿ ಬಂದು ಹೋಗಿ ಪ್ರತಿ ಸಲ ಸ್ವಲ್ಪ ಸ್ವಲ್ಪ ಉಳಿಸ್ಕೊಂಡು ಕೊನೆಗೆ ಗಟ್ಟಿಯಾಗಿ ಕೂತುಬಿಡುತ್ತೆ. ಒಳ್ಳೆ ಬೆಳಕಲ್ಲಿ ಬಾಯೊಳಗೂ ನೋಡ್ಬೇಕು. ಕೆನ್ನೆಯ ಒಳಭಾಗ ಕಲ್ಲುಹಾಸಿನ ಥರ ಉಬ್ಬುತಗ್ಗಾಗಿದೆಯಾ, ತುಟಿ ಮಧ್ಯದಲ್ಲೋ ಬಾಯಿಯ ಮೂಲೆಯಲ್ಲೋ ಸೀಳು ಇದೆಯಾ, ಒಸಡು ಕೆಂಪಗೆ ಉಬ್ಬಿದೆಯಾ, ಕೆನ್ನೆ ಮತ್ತು ಒಸಡು ಸೇರೋ ಸಂದಿಯಲ್ಲಿ ಉದ್ದುದ್ದ ಆಳವಾದ ಹುಣ್ಣಿದೆಯಾ. ಈ ಕೊನೇದು ಕಂಡ್ರೆ ನಾನಂತೂ ಮೊದಲು ಕರುಳಿನ ಕಡೆ ಯೋಚನೆ ಮಾಡ್ತೀನಿ. ಪದೇಪದೇ ಭೇದಿ, ಹೊಟ್ಟೆನೋವು, ಮಲದಲ್ಲಿ ರಕ್ತ, ಗುದದ ಹತ್ರ ಸೀಳು, ತೂಕ ಇಳಿಯೋದು, ಇವನ್ನ ಬಾಯಿ ತೋರಿಸೋಕೆ ಹೋದಾಗ ಯಾರೂ ಹೇಳಲ್ಲ, ಮುಜುಗರ ಬಿಟ್ಟು ಹೇಳಿ. ಮಕ್ಕಳಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ತುಟಿ ಮೊದಲು ಊದಿ ವರ್ಷಗಳಾದ ಮೇಲೆ ಕ್ರೋನ್ಸ್ ಕಾಣಿಸ್ಕೊಳ್ಳೋದೂ ಉಂಟು.

ಟೆಸ್ಟ್ ಅಂದ್ರೆ ರಕ್ತದ ಎಣಿಕೆ, ಐರನ್, ಫೋಲೇಟ್, ಬಿ12, ಸಿಆರ್‌ಪಿ (ದೇಹದಲ್ಲಿ ಉರಿಯೂತ ಇದ್ಯಾ ಅಂತ ತೋರಿಸೋದು), ಎದೆ ಎಕ್ಸ್‌ರೇ, ಟಿಬಿಗೆ ಚರ್ಮದ್ದೋ ರಕ್ತದ್ದೋ ಪರೀಕ್ಷೆ, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಗುರುತು). ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡೋದು) ಎಲ್ಲರಿಗೂ ಬೇಕಾಗಲ್ಲ, ಲಕ್ಷಣ ಇದ್ರೆ ಅಥವಾ ಈ ಟೆಸ್ಟಲ್ಲಿ ಏರುಪೇರು ಕಂಡ್ರೆ ಮಾಡ್ತಾರೆ. ಇನ್ನು ಇದೇ ಥರ ಊತ ಇದ್ದು ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ ಸಿಗದೇ ಇರೋರೂ ಇದ್ದಾರೆ, ಗಂಟುಗಳು ಆಳದಲ್ಲಿ ಅಲ್ಲಲ್ಲಿ ಚದುರಿರುತ್ವೆ, ಮೇಲಿಂದ ಚೂರು ತೆಗೆದ್ರೆ ತಪ್ಪಿಹೋಗುತ್ತೆ, ಹಾಗಾಗಿ ಸಿಗಲಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ.

ಟ್ರೀಟ್‌ಮೆಂಟಲ್ಲಿ ಕ್ರಮ ಮುಖ್ಯ. ಟಿಬಿ ಇಲ್ಲ ಅಂತ ನೋಡ್ಕೊಳ್ಳದೆ ಸ್ಟೀರಾಯ್ಡ್ ಮಾತ್ರೆ ಶುರು ಮಾಡೋದು ಅಪಾಯ, ಯಾಕಂದ್ರೆ ಊತ ಇಳಿದ ಹಾಗೆ ಕಾಣುತ್ತೆ, ಒಳಗೆ ಸೋಂಕು ಹರಡುತ್ತೆ. ಬೇರೆ ಪುರಾವೆ ಇಲ್ಲದೆ ಟಿಬಿ ಔಷಧಿ ತಿಂಗಳುಗಟ್ಟಲೆ ನುಂಗೋದೂ ಸರಿಯಲ್ಲ, ಅವು ಲಿವರ್‌ಗೆ ಹೊಡೀಬಹುದು.

ಓರೋಫೇಶಿಯಲ್ ಅಂತ ಖಾತ್ರಿಯಾದ್ರೆ ತುಂಬ ಕಡೆ ಮೊದಲು ಊಟದಿಂದ ಶುರು ಮಾಡ್ತಾರೆ. ದಾಲ್ಚಿನ್ನಿ ಮತ್ತು ಬೆಂಜೋಯೇಟ್ ಎರಡನ್ನೂ ಮೂರು ತಿಂಗಳು ಪೂರ್ತಿ ಬಿಟ್ಟು ನೋಡೋದು. ಬೆಂಜೋಯೇಟ್ ಅಂದ್ರೆ ಕೂಲ್‌ಡ್ರಿಂಕ್ಸ್, ಸಾಸ್ ಬಾಟಲಿ ಮೇಲೆ ಇ210ರಿಂದ ಇ213 ಅಂತ ಇರುತ್ತಲ್ಲ ಅದು. ಟೂತ್‌ಪೇಸ್ಟಲ್ಲೂ ದಾಲ್ಚಿನ್ನಿ ಫ್ಲೇವರ್ ಇರಬಹುದು, ಊಟದಲ್ಲಿ ಕಟ್ಟುನಿಟ್ಟಾಗಿದ್ದೋರು ಇಲ್ಲೇ ಜಾರೋದು. ಒಂದಿಷ್ಟು ಜನರಿಗೆ ಇದರಿಂದಲೇ ಚೆನ್ನಾಗಿ ಇಳಿಯುತ್ತೆ, ಎಲ್ಲರಿಗೂ ಅಲ್ಲ. ಮೂರು ತಿಂಗಳಾದ್ರೂ ಏನೂ ಬದಲಾಗಿಲ್ಲ ಅಂದ್ರೆ ಸುಮ್ನೆ ಮುಂದುವರಿಸಿ ಒದ್ದಾಡಬೇಡಿ, ಮಕ್ಕಳಿಗಂತೂ ಡಯಟೀಶಿಯನ್ ಇಲ್ಲದೆ ಮಾಡ್ಲೇಬೇಡಿ.

ಆಮೇಲೆ ಟ್ಯಾಕ್ರೋಲಿಮಸ್ (ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸೋ ಔಷಧಿ) ಅಥವಾ ಸ್ಟೀರಾಯ್ಡ್ ಮುಲಾಮು, ಗಟ್ಟಿ ಊತಕ್ಕೆ ತುಟಿಯೊಳಗೇ ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್. ನೋವಾಗುತ್ತೆ, ಅದಕ್ಕೇ ಮೊದಲು ಮರಗಟ್ಟಿಸ್ತಾರೆ, ಕೆಲವು ತಿಂಗಳು ಬಿಟ್ಟು ಮತ್ತೆ ಬೇಕಾಗಲೂಬಹುದು. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಬೇಗ ಕೆಲಸ ಮಾಡುತ್ತೆ, ಆದ್ರೆ ನಿಲ್ಲಿಸಿದ್ರೆ ಊತ ಮರಳಿ ಬರೋದು ಜಾಸ್ತಿ, ಹಾಗಾಗಿ ಅದು ಸ್ವಲ್ಪ ದಿನದ ಮಾತು. ಯಾವುದಕ್ಕೂ ಜಗ್ಗದಿದ್ರೆ, ಅಥವಾ ಕ್ರೋನ್ಸ್ ಜೊತೆಗಿದ್ರೆ, ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಥರದ, ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸೋ ಔಷಧಿ ಬರುತ್ತೆ. ಇನ್‌ಫ್ಲಿಕ್ಸಿಮ್ಯಾಬ್ ಮಲಗಿರೋ ಟಿಬಿಯನ್ನ ಎಬ್ಬಿಸಬಹುದು, ಅದಕ್ಕೂ ಮೊದಲು ಮತ್ತೆ ಅದೇ ಟಿಬಿ ಪರೀಕ್ಷೆ. ತುಟಿ ಚಿಕ್ಕದು ಮಾಡೋ ಆಪರೇಷನ್ ಇದೆ, ಆದ್ರೆ ಕಾಯಿಲೆ ತಣ್ಣಗಾಗಿ ಬಹಳ ದಿನವಾದ ಮೇಲೇ ಮಾಡ್ಬೇಕು, ಇಲ್ಲಾಂದ್ರೆ ಮತ್ತೆ ಊದುತ್ತೆ.