ದಾರಿ ತಪ್ಪಿದ ಜೇನು ಯಾರ ಲೆಕ್ಕಕ್ಕೆ? ಕೀಟನಾಶಕ ಕಾನೂನುಗಳ ಹಿನ್ನೆಲೆ

ಜೇನಿಗೆ ಮಾರಕ ಅಂತ ಒಂದು ಕೀಟನಾಶಕ ನಿಷೇಧವಾದ ಸುದ್ದಿ ಬರುತ್ತದೆ. ಸ್ವಲ್ಪ ಕಾಲಕ್ಕೆ ಅದೇ ಔಷಧಿಗೆ ತುರ್ತು ಅನುಮತಿ ಸಿಗುತ್ತದೆ. ಆಮೇಲೆ ಕೋರ್ಟು ಆ ಅನುಮತಿಯೇ ತಪ್ಪು ಅನ್ನುತ್ತದೆ. ಒಂದು ದೇಶ ಬೇಡ ಅಂದದ್ದನ್ನು ಪಕ್ಕದ ದೇಶದ ರೈತರು ಧಾರಾಳವಾಗಿ ಬಳಸುತ್ತಿರುತ್ತಾರೆ. ಅದು ಜೇನಿಗೆ ವಿಷವೋ ಅಲ್ಲವೋ ಅಂತ ಓದುಗರಿಗೆ ಗೊಂದಲ ಆಗುವುದು ಸಹಜ ಅಲ್ವಾ? ಈ ಗಂಟು ಬಿಡಿಸಬೇಕಾದರೆ ಒಂದು ಪ್ರಶ್ನೆ ಹಿಡಿದು ಹಿಂದಕ್ಕೆ ಹೋಗಬೇಕು. ಕಾನೂನು ಇಷ್ಟು ವರ್ಷ ‘ಹಾನಿ’ ಅಂತ ಯಾವುದನ್ನು ಎಣಿಸುತ್ತಾ ಬಂದಿದೆ?

ಮೊದಲು ಒಂದು ಮಾತು. ಜೇನು ಹೋದರೆ ಮನುಷ್ಯಕುಲವೇ ಹೋಗುತ್ತದೆ ಅನ್ನುವುದು ಉತ್ಪ್ರೇಕ್ಷೆ. ಅಕ್ಕಿ, ಗೋಧಿ, ಜೋಳಕ್ಕೆ ಜೇನು ಬೇಕಿಲ್ಲ. ವಿಶ್ವಸಂಸ್ಥೆಯ ಬೆಂಬಲದ ಜೀವವೈವಿಧ್ಯ ವೇದಿಕೆ 2016ರಲ್ಲಿ ಕೊಟ್ಟ ವರದಿಯ ಪ್ರಕಾರ, ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಶೇ 75ರಷ್ಟು ಬೆಳೆಗಳು ಪರಾಗಸ್ಪರ್ಶ ಮಾಡುವ ಜೀವಿಗಳನ್ನು ಸ್ವಲ್ಪವಾದರೂ ನೆಚ್ಚಿಕೊಂಡಿವೆ. ಆದರೆ ತೂಕದ ಲೆಕ್ಕದಲ್ಲಿ ನೇರವಾಗಿ ಅವುಗಳಿಂದ ಸಿಗುವ ಇಳುವರಿ ಶೇ 5ರಿಂದ 8 ಮಾತ್ರ. ಹೋಗುವುದು ಹಣ್ಣು, ತರಕಾರಿ, ಎಣ್ಣೆಬೀಜ, ಬಾದಾಮಿಯಂಥವು. ಹೊಟ್ಟೆ ತುಂಬೀತು, ಪೌಷ್ಟಿಕ ಆಹಾರ ಸಿಗುವುದಿಲ್ಲ. ನಷ್ಟ ಅಷ್ಟೇ ಆದರೂ ಅದು ಸಣ್ಣದಲ್ಲ.

ಜೇನಿಗಾಗಿ ಬಂದ ಹಳೆಯ ನಿಯಮ ತುಂಬಾ ಸರಳವಾಗಿತ್ತು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸೇಬಿನ ತೋಟಗಳಲ್ಲಿ ಆರ್ಸೆನಿಕ್ ಬೆರೆತ ಔಷಧಿ ಸಿಂಪಡಿಸುತ್ತಿದ್ದರು. ಜೇನು ಸಾಕುವವರ ದೂರು ಹೆಚ್ಚಾಯಿತು. ಹೂ ಬಿಟ್ಟ ಮರಕ್ಕೆ ಔಷಧಿ ಹೊಡೆಯಬಾರದು ಅಂತ ಕೆಲವು ರಾಜ್ಯಗಳು ಕಾನೂನು ಮಾಡಿದವು. ಸಿಂಪಡಣೆಯ ಮಟ್ಟಿಗೆ ಅದಕ್ಕಿಂತ ಒಳ್ಳೆಯ ನಿಯಮ ಇವತ್ತಿಗೂ ಬಂದಿಲ್ಲ ಅಂತ ನನಗನ್ನಿಸುತ್ತದೆ. ಆಮೇಲೆ ಡಿಡಿಟಿ ಬಂತು, ಮೂರು ದಶಕ ಮೆರೆಯಿತು, 1972ರಲ್ಲಿ ಅಮೆರಿಕದಲ್ಲಿ ನಿಷೇಧವಾಯಿತು.

ಡಿಡಿಟಿಯ ಜಾಗಕ್ಕೆ ಬಂದ ಕೆಲವು ಔಷಧಿಗಳು ಜೇನಿಗೆ ಇನ್ನೂ ಕ್ರೂರವಾಗಿದ್ದವು. 1970ರ ದಶಕದಲ್ಲಿ ಮೀಥೈಲ್ ಪ್ಯಾರಾಥಿಯಾನ್ ಅನ್ನುವ ವಿಷವನ್ನು ಅತಿಸಣ್ಣ ಗುಳಿಗೆಗಳಲ್ಲಿ ತುಂಬಿ ಮಾರತೊಡಗಿದರು. ಸಿಂಪಡಿಸುವ ಮನುಷ್ಯನಿಗೆ ಅಪಾಯ ಕಡಿಮೆಯಾಗಲಿ ಅನ್ನುವುದು ಉದ್ದೇಶ. ಆದರೆ ಆ ಗುಳಿಗೆಗಳ ಗಾತ್ರ ಪರಾಗದ ಕಣದಷ್ಟೇ ಇತ್ತು. ಜೇನುಹುಳಗಳು ಪರಾಗದ ಜೊತೆಗೆ ಅವನ್ನೂ ಕಾಲಿಗೆ ಅಂಟಿಸಿಕೊಂಡು ಗೂಡಿಗೆ ಒಯ್ದವು. ಮರಿಗಳಿಗೆ ಅಂತ ಕೂಡಿಟ್ಟ ಆಹಾರದಲ್ಲೇ ವಿಷ ಸೇರಿಕೊಂಡಿತು. ಅದೇ ಹೊತ್ತಿನಲ್ಲಿ ಅಮೆರಿಕ ಸರ್ಕಾರ ಕೀಟನಾಶಕದಿಂದ ಜೇನು ಕಳೆದುಕೊಂಡವರಿಗೆ ಪರಿಹಾರ ಕೊಡುವ ಯೋಜನೆ ತಂದಿತ್ತು. 1970ರಲ್ಲಿ ಶುರುವಾದ ಅದು ಸುಮಾರು ಹತ್ತು ವರ್ಷ ನಡೆದು ನಿಂತಿತು. ಪರಿಹಾರದ ಹಣದಿಂದ ಸಾಕಿದವರ ನಷ್ಟ ಸ್ವಲ್ಪ ತುಂಬಿರಬಹುದು. ಕಾಡಿನ ಜೇನಿಗೆ ಯಾರು ಅರ್ಜಿ ಹಾಕಬೇಕಿತ್ತು?

ಯುರೋಪಿನಲ್ಲಿ ಕೆಲವು ದೇಶಗಳು ಗಡಿಯಾರ ನೋಡಿ ನಿಯಮ ಮಾಡಿದವು. ಜರ್ಮನಿಯಲ್ಲಿ ಕೀಟನಾಶಕಗಳನ್ನು ಜೇನಿಗಿರುವ ಅಪಾಯದ ಪ್ರಕಾರ ನಾಲ್ಕು ದರ್ಜೆ ಮಾಡಿದ್ದಾರೆ. ಅತಿ ಅಪಾಯದ ಮೊದಲ ದರ್ಜೆಯದನ್ನು ಹೂಬಿಟ್ಟ ಗಿಡಕ್ಕೆ ಹೊಡೆಯುವಂತಿಲ್ಲ, ಅದು ಕಳೆಯಾದರೂ ಸರಿ. ಜೇನುಗೂಡಿನಿಂದ 60 ಮೀಟರ್ ಒಳಗೆ, ಹುಳಗಳು ಹಾರಾಡುವ ಹೊತ್ತಿನಲ್ಲಿ ಬಳಸಬೇಕಾದರೆ ಜೇನು ಸಾಕುವವರ ಒಪ್ಪಿಗೆ ಬೇಕು. ಎರಡನೇ ದರ್ಜೆಯದನ್ನು ಹೂವಿಗೆ ಹೊಡೆಯುವುದಾದರೆ ಹುಳಗಳು ಗೂಡು ಸೇರಿದ ಮೇಲೆ, ರಾತ್ರಿ 11ರೊಳಗೆ ಮುಗಿಸಬೇಕು.

ಈ ನಿಯಮಗಳೆಲ್ಲ ನಿಂತಿದ್ದು ಒಂದು ನಂಬಿಕೆಯ ಮೇಲೆ: ವಿಷ ಹೊರಗಿನಿಂದ ಹೂವಿನ ಮೇಲೆ ಬೀಳುತ್ತದೆ. 1990ರ ದಶಕದಲ್ಲಿ ಆ ನಂಬಿಕೆ ಮುರಿಯಿತು.

1991ರಲ್ಲಿ ಇಮಿಡಾಕ್ಲೋಪ್ರಿಡ್ ಮಾರುಕಟ್ಟೆಗೆ ಬಂತು. ನಿಯೋನಿಕೊಟಿನಾಯ್ಡ್ ಗುಂಪಿನ ಮೊದಲ ಔಷಧಿ ಇದು. ಕೀಟದ ನರಮಂಡಲವನ್ನು ಕೆಡಿಸುತ್ತದೆ. ಇದನ್ನು ಗಿಡಕ್ಕೆ ಹೊಡೆಯಲೇಬೇಕು ಅಂತಿಲ್ಲ, ಬಿತ್ತುವ ಮೊದಲೇ ಬೀಜಕ್ಕೆ ಲೇಪಿಸಿದರೆ ಸಾಕು. ಬೇರು ಹೀರಿಕೊಂಡು ಕಾಂಡ, ಎಲೆಗೆ ತಲುಪಿಸುತ್ತದೆ. ಕೊನೆಗೆ ಪರಾಗ, ಮಕರಂದಕ್ಕೂ ಸ್ವಲ್ಪ ಬರುತ್ತದೆ. ರೈತರಿಗೆ ಇದು ವರದಾನದಂತೆ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಮತ್ತೆ ಮತ್ತೆ ಸಿಂಪಡಿಸುವ ಕೆಲಸ ತಪ್ಪಿತು, ಮೈಮೇಲೆ ವಿಷ ಬೀಳುವುದು ಕಡಿಮೆಯಾಯಿತು. ಆದರೆ ಹೂ ಬಿಟ್ಟಾಗ ಹೊಡೆಯಬೇಡಿ ಅನ್ನುವ ನಿಯಮಕ್ಕೆ ಇಲ್ಲಿ ಕೆಲಸವೇ ಇರಲಿಲ್ಲ.

1994ರ ಹೊತ್ತಿಗೆ ಫ್ರಾನ್ಸಿನಲ್ಲಿ ಸೂರ್ಯಕಾಂತಿ ಹೊಲಗಳ ಬಳಿ ಪೆಟ್ಟಿಗೆ ಇಟ್ಟವರು ಒಂದು ವಿಚಿತ್ರ ಸಂಗತಿ ಹೇಳತೊಡಗಿದರು. ಮೇವಿಗೆ ಹೋದ ಹುಳಗಳು ವಾಪಸ್ ಬರುತ್ತಿಲ್ಲ. ಪೆಟ್ಟಿಗೆ ಮುಂದೆ ಸತ್ತ ಹುಳಗಳ ರಾಶಿಯೂ ಇಲ್ಲ. ಇದನ್ನು ಸಾಬೀತು ಮಾಡುವುದು ಹೇಗೆ? ಪರವಾನಗಿಗೆ ಆಗಿನ ಮುಖ್ಯ ಪರೀಕ್ಷೆ ಸುಲಭದ್ದು. ಹುಳಗಳಿಗೆ ಒಂದು ಸಲ ಔಷಧಿ ಕೊಟ್ಟು, ಎರಡು ದಿನದಲ್ಲಿ ಎಷ್ಟು ಪ್ರಮಾಣಕ್ಕೆ ಅರ್ಧದಷ್ಟು ಸಾಯುತ್ತವೆ ಅಂತ ನೋಡುವುದು. ಹೂವಿನಲ್ಲಿ ಸಿಗುತ್ತಿದ್ದ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ದಾರಿ ಮರೆತ ಹುಳವನ್ನು ಎಣಿಸುವ ಕಲಂ ಅರ್ಜಿಯಲ್ಲೇ ಇರಲಿಲ್ಲ. ಐದು ವರ್ಷದ ಜಗ್ಗಾಟದ ನಂತರ, 1999ರಲ್ಲಿ ಫ್ರಾನ್ಸ್ ಸೂರ್ಯಕಾಂತಿ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಬಳಕೆಯನ್ನು ತಡೆಹಿಡಿಯಿತು. ಮೆಕ್ಕೆಜೋಳಕ್ಕೆ ತಡೆ ಬರಲು 2004 ಆಯಿತು.

ಇದಕ್ಕೆ ಹೋಲಿಸಿ 2008ರ ಜರ್ಮನಿಯನ್ನು ನೋಡಿ. ರೈನ್ ನದಿಯ ಮೇಲ್ಕಣಿವೆಯಲ್ಲಿ ವಸಂತದ ಬಿತ್ತನೆ ನಡೆದಿತ್ತು. ಮೆಕ್ಕೆಜೋಳದ ಬೀಜಕ್ಕೆ ಅದೇ ನಿಯೋನಿಕೊಟಿನಾಯ್ಡ್ ಗುಂಪಿನ ಕ್ಲೋಥಿಯಾನಿಡಿನ್ ಲೇಪಿಸಿದ್ದರು. ಲೇಪ ಸರಿಯಾಗಿ ಅಂಟಿರಲಿಲ್ಲ. ಗಾಳಿಯ ಒತ್ತಡದಿಂದ ಬೀಜ ಹಾಕುವ ಬಿತ್ತನೆ ಯಂತ್ರಗಳು ಉದುರಿದ ಲೇಪದ ದೂಳನ್ನು ಹೊರಗೆ ಊದಿದವು. ಆ ದೂಳು ಅಕ್ಕಪಕ್ಕದಲ್ಲಿ ಹೂಬಿಟ್ಟಿದ್ದ ಗಿಡಮರಗಳ ಮೇಲೆ ಕೂತಿತು. 11 ಸಾವಿರಕ್ಕೂ ಹೆಚ್ಚು ಜೇನು ಕುಟುಂಬಗಳಿಗೆ ಪೆಟ್ಟು ಬಿತ್ತು. ಇಲ್ಲಿ ಸತ್ತ ಹುಳಗಳು ಪೆಟ್ಟಿಗೆ ಮುಂದೆ ಕಣ್ಣಿಗೆ ರಾಚುವಂತೆ ಬಿದ್ದಿದ್ದವು. ಸರ್ಕಾರ ಕೆಲವೇ ವಾರದಲ್ಲಿ ಆ ಬೀಜೋಪಚಾರದ ಪರವಾನಗಿಗಳನ್ನು ಅಮಾನತು ಮಾಡಿತು. ಒಂದು ಕಡೆ ಐದು ವರ್ಷ, ಇನ್ನೊಂದು ಕಡೆ ಕೆಲವು ವಾರ. ಹೆಣ ಕಂಡಾಗ ಮಾತ್ರ ಕಾನೂನು ಓಡುತ್ತದೆ.

ಕಾಣದ ಹಾನಿಗೆ ಗಟ್ಟಿ ಪುರಾವೆ ಸಿಕ್ಕಿದ್ದು 2012ರಲ್ಲಿ. ಫ್ರಾನ್ಸಿನ ಸಂಶೋಧಕರು ಜೇನುಹುಳಗಳ ಬೆನ್ನಿಗೆ ಪುಟಾಣಿ ರೇಡಿಯೊ ಚಿಪ್ ಅಂಟಿಸಿದರು. ಕೆಲವಕ್ಕೆ ಅದೇ ಗುಂಪಿನ ಥಯಾಮೆಥೊಕ್ಸಾಮ್ ಬೆರೆಸಿದ ಸಕ್ಕರೆ ನೀರು ಕೊಟ್ಟರು. ಸಾಯುವಷ್ಟಲ್ಲ, ಸ್ವಲ್ಪವೇ. ಗೂಡಿನಿಂದ ದೂರ ಒಯ್ದು ಬಿಟ್ಟರು. ಬಾಗಿಲಲ್ಲಿದ್ದ ಯಂತ್ರ ಯಾರು ಬಂದರು ಅಂತ ದಾಖಲಿಸಿತು. ಔಷಧಿ ಕುಡಿದವುಗಳಲ್ಲಿ ವಾಪಸ್ ಬಾರದವು ಸ್ಪಷ್ಟವಾಗಿ ಜಾಸ್ತಿ ಇದ್ದವು. ಅದೇ ವರ್ಷ ಬ್ರಿಟನ್ನಿನಲ್ಲಿ ಬಂಬಲ್‌ಬೀ ಅನ್ನುವ ದಪ್ಪ, ರೋಮದ ಮೈಯ ಜೇನಿನ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಇಮಿಡಾಕ್ಲೋಪ್ರಿಡ್ ತಗುಲಿದ ಗೂಡುಗಳಲ್ಲಿ ಹೊಸ ರಾಣಿಗಳ ಸಂಖ್ಯೆ ಶೇ 85ರಷ್ಟು ಕಡಿಮೆಯಾಯಿತು. ಬಂಬಲ್‌ಬೀ ಗೂಡು ವರ್ಷದ ಕೊನೆಗೆ ಸತ್ತುಹೋಗುತ್ತದೆ. ಚಳಿಗಾಲ ದಾಟಿ ಮುಂದಿನ ವರ್ಷ ಗೂಡು ಕಟ್ಟುವುದು ಹೊಸ ರಾಣಿ ಮಾತ್ರ. ಈ ವರ್ಷ ಒಂದೂ ಹುಳ ಸಾಯದೆಯೇ ಮುಂದಿನ ವರ್ಷದ ಸಂತತಿ ಕುಗ್ಗಬಹುದು.

2013ರ ಡಿಸೆಂಬರಿನಿಂದ ಯುರೋಪಿಯನ್ ಒಕ್ಕೂಟ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥೊಕ್ಸಾಮ್‌ಗಳನ್ನು ಜೇನು ಇಷ್ಟಪಡುವ ಬೆಳೆಗಳಿಗೆ ನಿರ್ಬಂಧಿಸಿತು. 2018ರಲ್ಲಿ ಬಯಲಿನ ಎಲ್ಲ ಬಳಕೆಯನ್ನೂ ನಿಲ್ಲಿಸಲು ತೀರ್ಮಾನಿಸಿತು, ಮುಚ್ಚಿದ ಹಸಿರುಮನೆಗಳಿಗೆ ಮಾತ್ರ ಅವಕಾಶ ಉಳಿಯಿತು. ಜೇನು ಬಾರದ ಬೆಳೆಗೂ ಯಾಕೆ ಅಂದರೆ, ಬೀಜದ ಲೇಪದಲ್ಲಿ ಗಿಡ ಹೀರುವುದು ಸ್ವಲ್ಪ ಪಾಲು. ಉಳಿದದ್ದರಲ್ಲಿ ಹೆಚ್ಚಿನದು ಮಣ್ಣಿನಲ್ಲಿ ಉಳಿದು, ಮುಂದಿನ ಬೆಳೆಗೂ ಬದುವಿನ ಕಾಡುಹೂವಿಗೂ ಸೇರುತ್ತದೆ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಲಿಲ್ಲ. 2017ರಲ್ಲಿ ಮೂರು ದೇಶಗಳಲ್ಲಿ ನಡೆದ ದೊಡ್ಡ ಕ್ಷೇತ್ರ ಪ್ರಯೋಗದಲ್ಲಿ ಬ್ರಿಟನ್, ಹಂಗೇರಿಗಳಲ್ಲಿ ಹಾನಿ ಕಂಡಿತು, ಜರ್ಮನಿಯಲ್ಲಿ ಕಾಣಲಿಲ್ಲ. ಅಲ್ಲಿನ ಜೇನಿಗೆ ಬೇರೆ ಹೂಗಳ ಮೇವು ಜಾಸ್ತಿ ಇತ್ತು, ರೋಗ ಕಡಿಮೆ ಇತ್ತು. ನಿಷೇಧದ ಪರ ಇದ್ದವರೂ ವಿರುದ್ಧ ಇದ್ದವರೂ ತಮಗೆ ಬೇಕಾದ ಸಾಲು ಓದಿಕೊಂಡರು.

ರೈತರ ಕಷ್ಟವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. 2020ರಲ್ಲಿ ಗಿಡಹೇನು ಹರಡುವ ಹಳದಿ ರೋಗಕ್ಕೆ ಫ್ರಾನ್ಸಿನ ಸಕ್ಕರೆ ಬೀಟ್ ಬೆಳೆ ಬಹಳ ಹಾಳಾಯಿತು. ಬೀಟ್ ಹೂ ಬಿಡುವ ಮೊದಲೇ ಕೀಳುವ ಬೆಳೆ, ಜೇನಿಗೇನು ತೊಂದರೆ ಅಂತ ಬೆಳೆಗಾರರು ಕೇಳಿದರು. ನಿಷೇಧಿತ ಔಷಧಿಗೆ ತುರ್ತು ಅನುಮತಿ ಸಿಕ್ಕಿತು. ಹಲವು ದೇಶಗಳು ಇದನ್ನೇ ವರ್ಷವರ್ಷವೂ ಮಾಡತೊಡಗಿದವು. ಪ್ರತಿ ವರ್ಷ ಬರುವ ತುರ್ತನ್ನು ತುರ್ತು ಅನ್ನಬಹುದಾ? 2023ರ ಜನವರಿಯಲ್ಲಿ ಒಕ್ಕೂಟದ ನ್ಯಾಯಾಲಯ, ಸ್ಪಷ್ಟವಾಗಿ ನಿಷೇಧಿಸಿದ ಬೀಜೋಪಚಾರಕ್ಕೆ ಇಂಥ ಅನುಮತಿ ಕೊಡುವಂತಿಲ್ಲ ಅಂದಿತು. ಒಕ್ಕೂಟ ಬಿಟ್ಟಿದ್ದ ಬ್ರಿಟನ್ 2024ರವರೆಗೂ ಕೊಟ್ಟು, 2025ರಲ್ಲಿ ನಿರಾಕರಿಸಿತು. ಅದೇ ವರ್ಷ ಫ್ರಾನ್ಸಿನ ಸಂಸತ್ತು ಅದೇ ಗುಂಪಿನ ಅಸೆಟಾಮಿಪ್ರಿಡ್‌ಗೆ ಮತ್ತೆ ದಾರಿ ತೆರೆಯಿತು. ವಿರೋಧದ ಮನವಿಗೆ 20 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆಗಸ್ಟಿನಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಆ ಭಾಗವನ್ನು ತೆಗೆದುಹಾಕಿತು.

ಅಮೆರಿಕದಲ್ಲಿ ಔಷಧಿ ಲೇಪಿಸಿದ ಬೀಜವನ್ನು ಕೀಟನಾಶಕ ಅಂತಲೇ ನೋಂದಾಯಿಸಬೇಕಿಲ್ಲ. ಎಷ್ಟು ಎಕರೆಗೆ ಬಿತ್ತಿದರು ಅನ್ನುವ ಲೆಕ್ಕವೂ ಸರಿಯಾಗಿ ಸಿಗದು. ರಾಜ್ಯಗಳು ತಾವೇ ಮುಂದೆ ಬರುತ್ತಿವೆ. ನ್ಯೂಯಾರ್ಕ್ 2023ರಲ್ಲಿ ಮಾಡಿದ ಕಾನೂನಿನ ಬೀಜದ ನಿರ್ಬಂಧ ಜಾರಿಯಾಗುವುದು 2029ಕ್ಕೆ. ಕೆನಡಾದ ಕ್ವಿಬೆಕ್ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ 2019ರಿಂದ ಕೃಷಿ ತಜ್ಞರು ಅಗತ್ಯ ಇದೆ ಅಂತ ಚೀಟಿ ಬರೆದುಕೊಟ್ಟರೆ ಮಾತ್ರ ಇಂಥ ಬೀಜ. ಬಳಕೆ ಜರ್ರನೆ ಇಳಿಯಿತು. ಆದರೆ ಆ ಜಾಗಕ್ಕೆ ಇನ್ನೊಂದು ಗುಂಪಿನ ಔಷಧಿಯ ಲೇಪ ಬಂತು.

ಈ ಜಗಳದ ಬಹುಪಾಲು ನಡೆದಿದ್ದು ಸಾಕುಜೇನಿನ ಹೆಸರಲ್ಲಿ. ಜಗತ್ತಿನಲ್ಲಿ 20 ಸಾವಿರಕ್ಕೂ ಹೆಚ್ಚು ಜಾತಿಯ ಜೇನುಗಳಿವೆ. ಹೆಚ್ಚಿನವು ಒಂಟಿ ಬಾಳಿನವು, ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುವಂಥವು. ವಿಷ ಉಳಿಯುವುದೂ ಅದೇ ಮಣ್ಣಿನಲ್ಲಿ. ಸಾಕುಜೇನಿನ ಗೂಡಿನಲ್ಲಿ ಸಾವಿರಾರು ಕೆಲಸಗಾರ ಹುಳಗಳಿರುವುದರಿಂದ ಕೆಲವು ನೂರು ಹೋದರೂ ಸಂಸಾರ ಸಾಗುತ್ತದೆ. ಒಂಟಿ ಜೇನಿನಲ್ಲಿ ತಾಯಿ ದಾರಿ ತಪ್ಪಿದರೆ ಅವಳು ಇಡಬೇಕಿದ್ದ ಉಳಿದ ಮೊಟ್ಟೆಗಳೂ ಇಲ್ಲ. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ತನ್ನ ಮಾರ್ಗಸೂಚಿ ಪರಿಷ್ಕರಿಸಿದಾಗ, ಸಾಕುಜೇನಿನ ಕುಟುಂಬದ ಗಾತ್ರ ಶೇ 10ಕ್ಕಿಂತ ಹೆಚ್ಚು ಕುಗ್ಗಬಾರದು ಅನ್ನುವ ಮಿತಿ ಇತ್ತು. ಬಂಬಲ್‌ಬೀಗೂ ಒಂಟಿ ಜೇನಿಗೂ ಅಂಥ ಅಂಕಿ ಇಡಲಿಲ್ಲ. ಮಿತಿ ಹಾಕುವಷ್ಟು ಮಾಹಿತಿಯೇ ಇರಲಿಲ್ಲ. ಯುರೋಪಿಯನ್ ಒಕ್ಕೂಟದ 2024ರ ನಿಸರ್ಗ ಪುನಶ್ಚೇತನ ಕಾನೂನು, ಪರಾಗಸ್ಪರ್ಶ ಮಾಡುವ ಜೀವಿಗಳ ಇಳಿಕೆಯನ್ನು 2030ರೊಳಗೆ ತಿರುಗಿಸಬೇಕು, ಅದಕ್ಕಾಗಿ ಅವನ್ನು ಒಂದೇ ಪದ್ಧತಿಯಲ್ಲಿ ಎಣಿಸುತ್ತಾ ಹೋಗಬೇಕು ಅಂತ ಸದಸ್ಯ ದೇಶಗಳಿಗೆ ಹೇಳಿದೆ. ಕಾಡಿನ ಜೇನಿಗೂ ಒಂದು ಮಿತಿ ಬರಬೇಕಾದರೆ ಆ ಎಣಿಕೆಯಿಂದಲೇ ಬರಬೇಕು.