ಮನೋವೈದ್ಯರ ಕಾಲೇಜು ಬಣ್ಣದ ಲೆಕ್ಕ ಹಿಡಿದ ಕಥೆ

2023ರ ಜುಲೈನಲ್ಲಿ ಡಾ. ಲಾಡೆ ಸ್ಮಿತ್ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ವರ್ಣದ ವೈದ್ಯೆ ಅವರು. ಹುಚ್ಚಾಸ್ಪತ್ರೆಗಳ ವೈದ್ಯರು 1841ರಲ್ಲಿ ಕಟ್ಟಿಕೊಂಡ ಸಂಘವೇ ಹೆಸರು ಬದಲಿಸುತ್ತಾ ಬಂದು 1971ರಲ್ಲಿ ಈ ಕಾಲೇಜು ಆಯಿತು. ಆ ಸಂಘದಿಂದ ಈ ಅಧ್ಯಕ್ಷೆಯವರೆಗೆ ಬರಲು ನೂರ ಎಂಬತ್ತಕ್ಕೂ ಜಾಸ್ತಿ ವರ್ಷ ಬೇಕಾಯಿತು.

ಹೆಸರು ಕಾಲೇಜು ಅಂತಿದ್ದರೂ ಇದು ಹುಡುಗರು ಓದುವ ಕಾಲೇಜಲ್ಲ. ಮನೋವೈದ್ಯರ ವೃತ್ತಿ ಸಂಸ್ಥೆ. ಪರೀಕ್ಷೆ ಇಡುತ್ತದೆ, ತರಬೇತಿಯ ಪಠ್ಯ ಬರೆಯುತ್ತದೆ, ಸದಸ್ಯತ್ವ ಕೊಡುತ್ತದೆ. ಇದರ ಎಂಆರ್‌ಸಿಸೈಕ್ ಪರೀಕ್ಷೆ ನಮ್ಮ ಕಡೆಯ ವೈದ್ಯರಿಗೂ ಚೆನ್ನಾಗಿ ಗೊತ್ತು. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಅಲ್ಲಿಗೆ ಹೋದವರು ರಜೆಗೆ ಊರಿಗೆ ಬಂದಾಗ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: ಪರೀಕ್ಷೆ ಕಷ್ಟ, ಬಡ್ತಿ ನಿಧಾನ, ಮಾತಿನ ಧಾಟಿ ಕೇಳಿಯೇ ಮುಖ ಸಿಂಡರಿಸುವವರಿದ್ದಾರೆ. ಅದು ನಿಜ. ಆದರೆ ಅಷ್ಟನ್ನೇ ಕೇಳಿದರೆ ಅರ್ಧ ಕಥೆ ಕೇಳಿದ ಹಾಗೆ. ಇನ್ನರ್ಧ ವಾರ್ಡಿನೊಳಗೆ ಇದೆ. ಅಲ್ಲಿ ತೊಂದರೆಗೆ ಸಿಕ್ಕವರು ರೋಗಿಗಳು. ಅಲ್ಲಿ ಅಧಿಕಾರ ಇರುವುದು ವೈದ್ಯರ ಕೈಯಲ್ಲಿ, ಆ ವೈದ್ಯರಲ್ಲಿ ನಮ್ಮವರೂ ಇದ್ದಾರೆ.

ನಮ್ಮವರು ಇಷ್ಟೊಂದು ಮಂದಿ ಈ ವಿಭಾಗಕ್ಕೇ ಸೇರಿದ್ದು ಯಾಕೆ? ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ನಿಂತಿದ್ದೇ ಭಾರತ, ಪಾಕಿಸ್ತಾನ, ಶ್ರೀಲಂಕಾದಿಂದ ಬಂದ ವೈದ್ಯರ ಮೇಲೆ. ದೊಡ್ಡ ಹೆಸರಿನ ವಿಭಾಗಗಳಿಗೆ ಅಲ್ಲಿನವರೇ ಮುಗಿಬೀಳುತ್ತಿದ್ದರು. ಹೊರಗಿನಿಂದ ಬಂದವರಿಗೆ ಉಳಿದದ್ದು ವೃದ್ಧರ ವಾರ್ಡು ಮತ್ತು ಊರಾಚೆಯ ಮಾನಸಿಕ ಆಸ್ಪತ್ರೆ. 1961ರಲ್ಲಿ ಆ ಹಳೆಯ ಆಸ್ಪತ್ರೆಗಳನ್ನು ಮುಚ್ಚಬೇಕು ಎಂದು ಹೆಸರಾಂತ ಭಾಷಣ ಮಾಡಿದ ಆರೋಗ್ಯ ಮಂತ್ರಿ ಈನಕ್ ಪೊವೆಲ್. ಅವರ ಕಾಲದಲ್ಲೂ ಆಸ್ಪತ್ರೆಗಳು ನಡೆದದ್ದು ಈ ವಲಸೆ ವೈದ್ಯರಿಂದಲೇ. ಅದೇ ಪೊವೆಲ್ 1968ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಂತು ವಲಸಿಗರ ವಿರುದ್ಧ ಬೆಂಕಿ ಉಗುಳಿದರು. ರಾಜಕೀಯದವರ ಮಾತು ಎಲ್ಲ ಕಡೆಯೂ ಹೀಗೇ, ಬಿಡಿ.

ಬಣ್ಣದ ಪ್ರಶ್ನೆಯನ್ನು ಮೊದಮೊದಲು ಎತ್ತಿದವರೂ ವಲಸೆ ವೈದ್ಯರೇ. ಶ್ರೀಲಂಕಾ ಮೂಲದ ಸುಮನ್ ಫರ್ನಾಂಡೊ, ಜಮೈಕಾದಲ್ಲಿ ಹುಟ್ಟಿದ ಆಗ್ರಿ ಬರ್ಕ್ ಅವರಲ್ಲಿ ಪ್ರಮುಖರು. ಎನ್‌ಎಚ್‌ಎಸ್‌ನ ಮೊದಲ ಕಪ್ಪು ವರ್ಣದ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ಹುದ್ದೆಯ, ಮನೋವೈದ್ಯರು ಎಂದು ಬರ್ಕ್ ಅವರನ್ನು ಗುರುತಿಸುತ್ತಾರೆ. ಅವರು ಲಂಡನ್ನಿನ ಸೇಂಟ್ ಜಾರ್ಜಸ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿ ಸೀಟಿಗೆ ಅರ್ಜಿ ಹಾಕಿದವರಲ್ಲಿ ಯಾರನ್ನು ಸಂದರ್ಶನಕ್ಕೆ ಕರೆಯಬೇಕು ಎಂಬುದನ್ನು ಒಂದು ಕಂಪ್ಯೂಟರ್ ಪ್ರೋಗ್ರಾಂ ತೀರ್ಮಾನಿಸುತ್ತಿತ್ತು. ಹಿಂದೆ ಮನುಷ್ಯರು ಹೇಗೆ ಆರಿಸುತ್ತಿದ್ದರೋ ಹಾಗೇ ಆರಿಸಲು ಅದಕ್ಕೆ ಕಲಿಸಿದ್ದರು. ಅದು ಮನುಷ್ಯರ ಪಕ್ಷಪಾತವನ್ನೂ ನಿಷ್ಠೆಯಿಂದ ಕಲಿತಿತ್ತು. ಯುರೋಪಿನದಲ್ಲದ ಹೆಸರು ಕಂಡರೆ ಅಂಕ ಕಡಿತ, ಹೆಣ್ಣುಮಕ್ಕಳಾದರೂ ಕಡಿತ. ಬರ್ಕ್ ಮತ್ತು ಸಹೋದ್ಯೋಗಿ ಜೋ ಕಾಲಿಯರ್ 1986ರಲ್ಲಿ ಇದನ್ನು ಬಯಲಿಗೆ ತಂದರು. ಜನಾಂಗೀಯ ಸಮಾನತೆ ಆಯೋಗ ತನಿಖೆ ಮಾಡಿ 1988ರಲ್ಲಿ ಆರೋಪ ಸರಿ ಎಂದಿತು. ಕೃತಕ ಬುದ್ಧಿಮತ್ತೆಯ ಪಕ್ಷಪಾತ ಎಂದು ಇವತ್ತು ನಾವು ಮಾತಾಡುತ್ತೇವಲ್ಲ, ಅದರ ಅಜ್ಜ ಇದು.

ಇನ್ನು ವಾರ್ಡಿನ ಕಥೆ. ಇಂಗ್ಲೆಂಡಿನ 1983ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ರೋಗಿ ಒಪ್ಪದಿದ್ದರೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು. ಆಸ್ಪತ್ರೆಯ ಮಾತಿನಲ್ಲಿ ಇದು 'ಸೆಕ್ಷನ್' ಮಾಡುವುದು. ಸಾಮಾನ್ಯವಾಗಿ ಇಬ್ಬರು ವೈದ್ಯರ ಶಿಫಾರಸು ಬೇಕು, ಅವರಲ್ಲಿ ಒಬ್ಬರು ಹೆಚ್ಚಾಗಿ ಮನೋವೈದ್ಯರೇ ಆಗಿರುತ್ತಾರೆ. ಸೆಕ್ಷನ್ 2 ಆದರೆ 28 ದಿನ, ಸೆಕ್ಷನ್ 3 ಆದರೆ ಮೊದಲಿಗೆ ಆರು ತಿಂಗಳವರೆಗೆ. ಪೊಲೀಸರನ್ನು ಬಿಟ್ಟರೆ ಒಬ್ಬ ಮನುಷ್ಯನ ಸ್ವಾತಂತ್ರ್ಯ ಕಿತ್ತುಕೊಳ್ಳುವ ಇಷ್ಟು ದೊಡ್ಡ ಅಧಿಕಾರ ಬೇರೆ ವೃತ್ತಿಯವರಿಗೆ ಇರುವುದು ಅಪರೂಪ. 2022-23ರ ಲೆಕ್ಕದಲ್ಲಿ ಹೀಗೆ ಇರಿಸಿಕೊಂಡವರು ಒಂದು ಲಕ್ಷ ಬಿಳಿಯರಲ್ಲಿ ಸುಮಾರು 64, ಒಂದು ಲಕ್ಷ ಕಪ್ಪು ವರ್ಣೀಯರಲ್ಲಿ ಸುಮಾರು 228. ಮೂರೂವರೆ ಪಟ್ಟು.

ಈ ಅಂಕಿಗಳಿಗೆ ಒಂದು ಮುಖ ಸಿಕ್ಕಿದ್ದು 1998ರ ಅಕ್ಟೋಬರ್ 30ರಂದು. ಡೇವಿಡ್ ಬೆನೆಟ್ ಎಂಬ 38ರ ಮನುಷ್ಯ ಆ ರಾತ್ರಿ ನಾರಿಚ್ ನಗರದ ನಾರ್ವಿಕ್ ಕ್ಲಿನಿಕ್‌ನಲ್ಲಿದ್ದರು. ಜಮೈಕಾದಲ್ಲಿ ಹುಟ್ಟಿದವರು, ಎಲ್ಲರ ಬಾಯಲ್ಲಿ ರಾಕಿ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಚಿಕಿತ್ಸೆ ಪಡೆಯುತ್ತಿದ್ದರು. ಫೋನಿನ ವಿಷಯಕ್ಕೆ ಇನ್ನೊಬ್ಬ ರೋಗಿಯ ಜೊತೆ ಜಗಳವಾಯಿತು. ಆತ ಬಣ್ಣ ಹಿಡಿದು ಬೈದ. ಕೊನೆಗೆ ಬೇರೆ ವಾರ್ಡಿಗೆ ಕಳಿಸಿದ್ದು ಬೆನೆಟ್ ಅವರನ್ನೇ. ಅಲ್ಲಿ ಅವರು ಸಿಟ್ಟಿಗೆದ್ದು ನರ್ಸ್ ಒಬ್ಬರಿಗೆ ಹೊಡೆದರು. ಸಿಬ್ಬಂದಿ ಅವರನ್ನು ಬೋರಲಾಗಿ ಕೆಡವಿ ಸುಮಾರು 25 ನಿಮಿಷ ಅದುಮಿ ಹಿಡಿದರು. ಅವರು ಮತ್ತೆ ಏಳಲಿಲ್ಲ.

ಐದು ವರ್ಷ ಮೊದಲೇ, 1993ರಲ್ಲಿ, ಬೆನೆಟ್ ಅದೇ ಕ್ಲಿನಿಕ್ಕಿಗೆ ಒಂದು ಕಾಗದ ಬರೆದಿದ್ದರು. ಇಲ್ಲಿ ಆರಕ್ಕಿಂತ ಹೆಚ್ಚು ಕಪ್ಪು ಹುಡುಗರಿದ್ದೇವೆ, ಸಿಬ್ಬಂದಿಯಲ್ಲಿ ಮಾತ್ರ ನಮ್ಮವರು ಒಬ್ಬರೂ ಇಲ್ಲ, ಇಬ್ಬರಾದರೂ ಇರಬೇಕಿತ್ತು ಎಂಬುದು ಅದರ ತಾತ್ಪರ್ಯ. ತುಂಬ ವಿನಯದ ಕಾಗದ. ಅವರ ಸಾವಿನ ವಿಚಾರಣೆಯ ವರದಿಯಲ್ಲಿ ಅದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟೇ: ಮುಂದೆ ತಜ್ಞರು ಪುಟಗಟ್ಟಲೆ ಬರೆದದ್ದನ್ನು ಈ ರೋಗಿ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದ್ದರು.

ಆ ವಿಚಾರಣೆ ಆಗಲೇಬೇಕೆಂದು ಸಹೋದರಿ ಜೊವಾನಾ ಬೆನೆಟ್ ಪಟ್ಟು ಬಿಡಲಿಲ್ಲ. ನಿವೃತ್ತ ನ್ಯಾಯಮೂರ್ತಿ ಸರ್ ಜಾನ್ ಬ್ಲೊಫೆಲ್ಡ್ ಸಮಿತಿಯ ವರದಿ 2004ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಎನ್‌ಎಚ್‌ಎಸ್‌ನ ಮಾನಸಿಕ ಆರೋಗ್ಯ ಸೇವೆಯಲ್ಲಿ ಸಾಂಸ್ಥಿಕ ವರ್ಣಭೇದ, ಅಂದರೆ ಒಬ್ಬಿಬ್ಬರಲ್ಲಲ್ಲ ವ್ಯವಸ್ಥೆಯ ರೂಢಿಯಲ್ಲೇ ಹೊಕ್ಕ ವರ್ಣಭೇದ, ಇದೆ, ಅದು ಕೀವು ತುಂಬಿದ ಹುಣ್ಣು ಎಂದು ಸಮಿತಿ ಹೇಳಿತು. ಬೋರಲಾಗಿ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರನ್ನೂ ಹಿಡಿಯಬಾರದು ಎಂದೂ ಹೇಳಿತು. 2005ರಲ್ಲಿ ಸರ್ಕಾರ ಐದು ವರ್ಷದ ಯೋಜನೆ ತಂದು, ಯಾವ ಜನಾಂಗದವರು ಎಷ್ಟು ಮಂದಿ ವಾರ್ಡಿನಲ್ಲಿದ್ದಾರೆ ಎಂದು ವರ್ಷವರ್ಷ ಎಣಿಸತೊಡಗಿತು. ಯೋಜನೆ ಮುಗಿದ 2010ರಲ್ಲೇ ಲಂಡನ್ನಿನ ಬೆತ್ಲೆಮ್ ರಾಯಲ್ ಆಸ್ಪತ್ರೆಯಲ್ಲಿ ಒಲಸೆನಿ ಲೂಯಿಸ್ ಎಂಬ ಯುವಕನನ್ನು ಹನ್ನೊಂದು ಪೊಲೀಸರು ಅದುಮಿ ಹಿಡಿದರು. ಆತನೂ ಸತ್ತ. ಬಲಪ್ರಯೋಗಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂದದ್ದು 2018ರಲ್ಲಿ.

ಈ ನಡುವೆ ಮನೋವೈದ್ಯರ ಒಳಗೇ ಜೋರು ಜಗಳ ನಡೆದಿತ್ತು. ಮನೋವೈದ್ಯಶಾಸ್ತ್ರದ ರೂಢಿಗಳಲ್ಲೇ ವರ್ಣಭೇದ ಹೊಕ್ಕಿದೆ ಎಂದು ಎಸ್.ಪಿ. ಶಶಿಧರನ್ 2001ರಲ್ಲಿ ಕಾಲೇಜಿನದೇ ಪತ್ರಿಕೆಯಲ್ಲಿ ಬರೆದರು. 2006ರಲ್ಲಿ ಸ್ವರಣ್ ಸಿಂಗ್ ಮತ್ತು ಟಾಮ್ ಬರ್ನ್ಸ್ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದಕ್ಕೆ ಎದುರು ವಾದ ಹೂಡಿದರು. ಬಡತನ, ಒಂಟಿತನ, ನೆರವು ತಡವಾಗಿ ಸಿಗುವುದು ಇವೆಲ್ಲ ಕಾರಣ ಇರುವಾಗ ಎಲ್ಲವನ್ನೂ ವರ್ಣಭೇದದ ತಲೆಗೆ ಕಟ್ಟಬೇಡಿ, ಹಾಗೆ ಕಟ್ಟಿದರೆ ಕಪ್ಪು ವರ್ಣದ ರೋಗಿಗಳು ಹೆದರಿ ಆಸ್ಪತ್ರೆಯಿಂದ ಇನ್ನೂ ದೂರ ಓಡುತ್ತಾರೆ ಎಂಬುದು ಅವರ ಮಾತು. ಮರುವರ್ಷ ಕ್ವಾಮೆ ಮೆಕೆಂಜಿ ಮತ್ತು ಕಮಲ್‌ದೀಪ್ ಭುಯಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಎರಡೂ ಕಡೆ ಭಾರತೀಯ ಹೆಸರುಗಳಿದ್ದದ್ದು ನೋಡಿ. ಬಣ್ಣ ನೋಡಿ ಯಾರ ಅಭಿಪ್ರಾಯ ಏನು ಅಂತ ಊಹಿಸಲು ಆಗಲ್ಲ.

ಸಂಶೋಧನೆ ಈ ಜಗಳವನ್ನು ಇನ್ನಷ್ಟು ಜಟಿಲ ಮಾಡಿತು. ಬ್ರಿಟನ್ನಿನಲ್ಲಿರುವ ಕೆರಿಬಿಯನ್ ಮೂಲದವರಲ್ಲಿ ಸ್ಕಿಜೋಫ್ರೇನಿಯಾ ಬಿಳಿಯರಿಗಿಂತ ಹಲವು ಪಟ್ಟು ಜಾಸ್ತಿ ಕಾಣುತ್ತದೆ ಎಂದು 2006ರ ಏಸಾಪ್ ಅಧ್ಯಯನ ತೋರಿಸಿತು. ಲಂಡನ್, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್ ಮೂರೂ ನಗರಗಳಲ್ಲಿ ನಡೆದ ಅಧ್ಯಯನ ಅದು. ಹಾಗಾದರೆ ಅದು ರಕ್ತದಲ್ಲೇ ಇದೆಯೇ? ಇಲ್ಲ. ದಿನೇಶ್ ಭುಗ್ರಾ ಮತ್ತು ಜೊತೆಗಾರರು ಅದಕ್ಕೂ ಮೊದಲೇ ಟ್ರಿನಿಡಾಡ್‌ಗೇ ಹೋಗಿ ಲೆಕ್ಕ ಹಾಕಿದಾಗ ಅಲ್ಲಿ ಅಷ್ಟು ಪ್ರಮಾಣ ಕಾಣಲಿಲ್ಲ. ಹಾಗಾಗಿ ಬ್ರಿಟನ್ನಿನ ಬದುಕಿನಲ್ಲೇ ಏನೋ ಇದೆ ಎಂಬ ಕಡೆಗೆ ಬೆರಳು ತಿರುಗಿತು. ಭುಗ್ರಾ 2008ರಿಂದ 2011ರವರೆಗೆ ಕಾಲೇಜಿನ ಅಧ್ಯಕ್ಷರೂ ಆದರು. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು ಅವರು.

ಈಗ ಪರೀಕ್ಷೆಯ ಮಾತಿಗೆ ಬರೋಣ. ಎಂಆರ್‌ಸಿಸೈಕ್‌ನ ಕೊನೆಯ ಹಂತ ಕ್ಯಾಸ್ಕ್. ನಟರು ರೋಗಿಗಳಾಗಿ ಕೂತಿರುತ್ತಾರೆ, ಅಭ್ಯರ್ಥಿ ಒಬ್ಬರಾದ ಮೇಲೆ ಒಬ್ಬರನ್ನು ಮಾತಾಡಿಸಬೇಕು, ಪರೀಕ್ಷಕರು ನೋಡಿ ಅಂಕ ಹಾಕುತ್ತಾರೆ. ರೋಗದ ಜ್ಞಾನದ ಜೊತೆ ಮಾತಿನ ಧಾಟಿ, ಸಮಾಧಾನ ಹೇಳುವ ರೀತಿ, ಎಲ್ಲಿ ಸುಮ್ಮನಿರಬೇಕು ಎಂಬ ಅಂದಾಜು ಎಲ್ಲ ಲೆಕ್ಕಕ್ಕೆ ಬರುತ್ತದೆ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಬ್ರಿಟನ್ನಿನಲ್ಲಿ ಓದಿದವರಿಗಿಂತ ತುಂಬಾ ಹೆಚ್ಚಾಗಿ ಫೇಲಾಗುತ್ತಾರೆ. ಬ್ರಿಟನ್ನಿನಲ್ಲೇ ಓದಿದ ಕಂದು, ಕಪ್ಪು ವರ್ಣದವರೂ ಬಿಳಿಯರಿಗಿಂತ ಹಿಂದೆ ಬೀಳುತ್ತಾರೆ. ಈ ಎರಡನೆಯದನ್ನು ಭಾಷೆಯ ನೆಪ ಹೇಳಿ ತಳ್ಳಿಹಾಕಲು ಆಗುವುದಿಲ್ಲ, ಅಲ್ವಾ?

ಪರೀಕ್ಷೆಯ ಇಂಥ ಅಂತರವನ್ನು ಕೋರ್ಟಿಗೆ ಎಳೆದವರು ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೊ. ಎಳೆದದ್ದು ಮಾತ್ರ ಬೇರೆ ಕಾಲೇಜನ್ನು, ಜನರಲ್ ಪ್ರಾಕ್ಟೀಷನರ್‌ಗಳ, ಅಂದರೆ ಕುಟುಂಬ ವೈದ್ಯರ, ಕಾಲೇಜನ್ನು. 2014ರಲ್ಲಿ ಸಂಘ ಕೇಸು ಸೋತಿತು. ಆದರೆ ಅಂತರ ಗೊತ್ತಿದ್ದೂ ಇನ್ನು ಸುಮ್ಮನೆ ಕೂರುವಂತಿಲ್ಲ ಎಂದು ನ್ಯಾಯಾಧೀಶರು ಎಚ್ಚರಿಸಿದರು. ಸಂಘಕ್ಕೆ ಇದು ನೈತಿಕ ಗೆಲುವು ಎಂದೂ ಹೇಳಿದರು. ಆ ತೀರ್ಪಿನ ಬಿಸಿ ಪರೀಕ್ಷೆ ನಡೆಸುವ ಎಲ್ಲ ವೈದ್ಯಕೀಯ ಸಂಸ್ಥೆಗಳಿಗೂ ತಾಗಿತು.

ವರ್ಣಭೇದ ಜನರ ಮನಸ್ಸಿನ ಆರೋಗ್ಯವನ್ನು ಕೆಡಿಸುತ್ತದೆ ಎಂದು ಮನೋವೈದ್ಯರ ಕಾಲೇಜು ಅಧಿಕೃತ ಹೇಳಿಕೆ ಕೊಟ್ಟದ್ದು 2018ರಲ್ಲಿ. ಅದೇ ವರ್ಷ, ಹಿಂದಿನ ಅಧ್ಯಕ್ಷ ಸರ್ ಸೈಮನ್ ವೆಸ್ಲಿ ಸರ್ಕಾರಕ್ಕಾಗಿ ಮಾಡಿದ ಮಾನಸಿಕ ಆರೋಗ್ಯ ಕಾಯ್ದೆಯ ಪರಾಮರ್ಶೆ ಹೊರಬಂತು. ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್‌ನ ಪ್ರತಿ ಟ್ರಸ್ಟ್ ತನ್ನ ಅಂಕಿ-ಅಂಶವನ್ನು ರೋಗಿಗಳ, ಆರೈಕೆ ಮಾಡುವ ಮನೆಯವರ ಮುಂದೆ ಇಟ್ಟು ಉತ್ತರ ಕೊಡುವಂಥ ಒಂದು ಚೌಕಟ್ಟು ಬೇಕು ಎಂದು ಅದು ಹೇಳಿತು. ಪಿಸಿಆರ್‌ಇಎಫ್ ಎಂಬ ಆ ಚೌಕಟ್ಟನ್ನು ಎನ್‌ಎಚ್‌ಎಸ್ ಇಂಗ್ಲೆಂಡ್ ಪ್ರಕಟಿಸಿದ್ದು 2023ರ ಅಕ್ಟೋಬರ್‌ನಲ್ಲಿ. ಹೇಳಿದ್ದಕ್ಕೂ ಮಾಡಿದ್ದಕ್ಕೂ ಐದು ವರ್ಷದ ಅಂತರ.

2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮೇಲೆ ಕಾಲೇಜಿನೊಳಗೂ ವೇಗ ಬಂತು. ಕೋವಿಡ್‌ಗೆ ಬಲಿಯಾದ ಬ್ರಿಟನ್ನಿನ ವೈದ್ಯರಲ್ಲಿ ಬಿಳಿಯರಲ್ಲದವರೇ ಹೆಚ್ಚು ಎಂಬುದೂ ಆಗ ಎಲ್ಲರ ಕಣ್ಣಿಗೆ ಬಿದ್ದಿತ್ತು. ಅಲ್ಲಿ ಜನಾಂಗೀಯ ಸಮಾನತೆಯ ಹೊಣೆ ಲಾಡೆ ಸ್ಮಿತ್ ಮತ್ತು ರಾಜೇಶ್ ಮೋಹನ್ ಅವರ ಮೇಲಿತ್ತು. 2021ರಿಂದ 2023ರವರೆಗಿನ ಸಮಾನತೆ ಕ್ರಿಯಾಯೋಜನೆ ಬಂತು. ಸದಸ್ಯರನ್ನೇ ಕೇಳಿದಾಗ, ಬಿಳಿಯರಲ್ಲದ ಮನೋವೈದ್ಯರಲ್ಲಿ ಹತ್ತಕ್ಕೆ ಸುಮಾರು ಆರು ಮಂದಿ ಕೆಲಸದ ಜಾಗದಲ್ಲಿ ವರ್ಣಭೇದ ಎದುರಿಸಿದ್ದೇವೆ ಎಂದರು.

ಕಾಲೇಜು ಆಮೇಲೆ ಆಸ್ಪತ್ರೆಗಳಿಗೆ ಮಾರ್ಗದರ್ಶಿಯನ್ನೂ ಬರೆಯಿತು. ಆದರೆ ವೈದ್ಯರಿಗೆ ಸಂಬಳ ಕೊಡುವುದು, ದೂರು ಕೇಳುವುದು, ಬಡ್ತಿ ತೀರ್ಮಾನಿಸುವುದು ಟ್ರಸ್ಟ್‌ಗಳು. ಕಾಲೇಜು ಅವಕ್ಕೆ ಸಲಹೆ ಕೊಡಬಹುದು, ಆಜ್ಞೆ ಕೊಡುವಂತಿಲ್ಲ. ಕಾಲೇಜಿನ ಸ್ವಂತ ಹಿಡಿತದಲ್ಲಿರುವುದು ಎರಡೇ: ಪರೀಕ್ಷೆ ಮತ್ತು ಪಠ್ಯ. ನನ್ನ ಮಟ್ಟಿಗೆ ಅದನ್ನು ಅಳೆಯಬೇಕಾದ್ದು ಅಲ್ಲೇ. ಕ್ಯಾಸ್ಕ್‌ನಲ್ಲಿ ಪಾಸಾಗುವವರ ಅಂತರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ? ಪಾಸಾಗಿ ಬಂದ ವೈದ್ಯರು, ಅವರು ಬೆಂಗಳೂರಿನವರಿರಲಿ ಬರ್ಮಿಂಗ್‌ಹ್ಯಾಮಿನವರಿರಲಿ, ಕಪ್ಪು ವರ್ಣದ ಹುಡುಗನೊಬ್ಬನನ್ನು ಸೆಕ್ಷನ್ ಮಾಡುವ ಕಾಗದಕ್ಕೆ ಸಹಿ ಹಾಕುವ ಮೊದಲು ಬೇರೆ ಏನೇನು ಪ್ರಯತ್ನಿಸಬೇಕು ಎಂದು ಕಲಿತಿದ್ದಾರೆಯೇ?